ನೀರಿಗೆ ಅಂಜಿದ ಹಿಂದಿ ಮೇಷ್ಟ್ರು

ಅವರ ಭಾಷಣವನ್ನು ಮೊದಲ ಸಲ ಕೇಳಿದಾಗ ನನಗೆ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತ್ತು.

ನಾನು ವಿಜ್ಞಾನ ಶಿಕ್ಷಕಿಯಾಗಿ ಚನ್ನಗಿರಿ ತಾಲ್ಲೂಕಿನ ಆ ಸರ್ಕಾರಿ ಪ್ರೌಢಶಾಲೆಗೆ ಸೇರಿ ಎಂಟು ತಿಂಗಳಾಗಿತ್ತು. ಊರಿನ ಹೆಸರು ಬೇಡ. ಮಗನನ್ನು ಕಳೆದುಕೊಂಡ ಒಂದು ಮನೆ ಈಗಲೂ ಅಲ್ಲಿದೆ. ಶಾಲೆಯ ಕಾಂಪೌಂಡಿನ ಹಿಂದೆ ಒಂದು ಮೆಕ್ಕೆಜೋಳದ ಹೊಲ, ಅದರಾಚೆ ಭದ್ರಾ ನಾಲೆ. ಇಷ್ಟು ತಿಳಿದರೆ ಸಾಕು. ಅವತ್ತು ಹತ್ತನೇ ತರಗತಿಯವರಿಗೆ ಬೀಳ್ಕೊಡುಗೆ. ಹೆಣ್ಣುಮಕ್ಕಳು ಅಕ್ಕಂದಿರ, ಅಮ್ಮಂದಿರ ಸೀರೆ ಉಟ್ಟುಕೊಂಡು ಬಂದಿದ್ದರು. ಹುಡುಗರು ಎಲ್ಲರೂ ಒಂದೇ ಬಣ್ಣದ ಶರ್ಟು ಹೊಲಿಸಿಕೊಂಡಿದ್ದರು. ಮುಖ್ಯೋಪಾಧ್ಯಾಯರು ಗುರಿ, ಛಲ, ಸಾಧನೆ ಎಂದು ಮಾತಾಡಿದರು. ಕನ್ನಡದ ಮೇಷ್ಟ್ರು ಹೆತ್ತವರ ಬಗ್ಗೆ ಮಾತಾಡಿ ನಾಲ್ಕೈದು ಮಕ್ಕಳನ್ನು ಅಳಿಸಿದರು. ಆಮೇಲೆ ಹಿಂದಿ ಮೇಷ್ಟ್ರ ಸರದಿ.

ಸಣಕಲು ಮೈ, ಯಾವಾಗಲೂ ಒಂದಿಷ್ಟು ದೊಡ್ಡದಾಗಿಯೇ ಕಾಣುವ ಅಂಗಿ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಿಂದಿಯೂ ಅಲ್ಲ, ಪುಸ್ತಕದ ಕನ್ನಡವೂ ಅಲ್ಲ, ತಮ್ಮ ಜಗಳೂರು ಕಡೆಯ ಮಾತಿನಲ್ಲಿ ಕೇಳಿದರು:

"ಈಜಾಕೆ ಯಾರ್ಯಾರಿಗೆ ಬರ್ತೈತೆ? ಕೈ ಎತ್ರಿ."

ಇಪ್ಪತ್ತು ಹುಡುಗರು ನಗುತ್ತಾ ಕೈ ಎತ್ತಿದರು. ಕೆಲವರು ಎರಡೂ ಕೈ ಎತ್ತಿದರು.

"ಹಂಗೇ ಇರ್ಲಿ, ಇಳಿಸಬ್ಯಾಡ್ರಿ. ಈ ಕೈಗಳನ್ನ ನಾನು ಚೆನ್ನಾಗಿ ನೋಡ್ಕೋಬೇಕು. ಈಜು ಬರದೋರು ನಾಲೆಗೆ ಇಳಿಯಂಗಿಲ್ಲ, ಅವರು ಬದುಕ್ತಾರೆ. ಸಾಯೋರು ನೀವೇ."

ಎತ್ತಿದ ಕೈಗಳನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ವೇದಿಕೆಯಲ್ಲಿದ್ದ ಶಾಲಾ ಸಮಿತಿಯ ಅಧ್ಯಕ್ಷರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, "ಏನ್ ಮೇಷ್ಟ್ರೇ, ಒಳ್ಳೇ ದಿನ ಎಂಥಾ ಮಾತು ಆಡ್ತೀರಿ?" ಎಂದು ಗದರಿದರು. ಹಿಂದಿ ಮೇಷ್ಟ್ರು ಅತ್ತ ತಿರುಗಲಿಲ್ಲ.

"ಕೊನೇ ಪೇಪರ್ ಮುಗಿದ ದಿನ ಯಾರೂ ನಾಲೆ ದಂಡಿಗೆ ಹೋಗಬ್ಯಾಡ್ರಿ. ಯಾರನ್ನ ನೀರು ಎಳಕೊಂಡ್ರೂ ಹಿಂದೆ ಹಾರಬ್ಯಾಡ್ರಿ. ಹಗ್ಗ ಎಸೀರಿ, ವೇಲು ಎಸೀರಿ, ಗಂಟಲು ಹರಿಯಂಗೆ ಕೂಗ್ರಿ. ಹಾರಬ್ಯಾಡ್ರಿ. ಇಷ್ಟೇ ನಾನು ಹೇಳಾದು."

ಆಶೀರ್ವಾದವೂ ಇಲ್ಲ, ಶುಭ ಹಾರೈಕೆಯೂ ಇಲ್ಲ. ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಮೊಣಕಾಲು ನಡುಗುತ್ತಿದ್ದುದು ಪ್ಯಾಂಟಿನ ಬಟ್ಟೆಯ ಮೇಲೆ ಕಾಣುತ್ತಿತ್ತು.

ನಾನು ಹೊನ್ನಾಳಿಯವಳು. ತುಂಗಭದ್ರೆಯನ್ನು ನೋಡಿಕೊಂಡೇ ಬೆಳೆದವಳು. ಮಳೆಗಾಲದಲ್ಲಿ ಹೊಳೆ ಏರಿದರೆ ನಮ್ಮ ಬೀದಿಯವರು ಕೆಲಸ ಬಿಟ್ಟು ನೋಡಲು ಹೋಗುತ್ತಿದ್ದರು. ಹಾಗಾಗಿ ಈ ಮನುಷ್ಯನ ಭಯ ನನಗೆ ತಮಾಷೆಯಾಗಿ ಕಂಡಿತು. ಸ್ಟಾಫ್ ರೂಮಿನಲ್ಲಿ ಅವರ ಬೆನ್ನ ಹಿಂದೆ ನಾನೂ ನಕ್ಕಿದ್ದೇನೆ. ನಗುವುದಕ್ಕೆ ಸಾಮಗ್ರಿಯೂ ಬೇಕಾದಷ್ಟಿತ್ತು. ನಾಲೆಯ ಸೇತುವೆ ಬಂದರೆ ಅವರು ಬೈಕಿನಿಂದ ಇಳಿದು, ರಸ್ತೆಯ ನಟ್ಟನಡುವೆ ಅದನ್ನು ತಳ್ಳಿಕೊಂಡು ದಾಟುತ್ತಿದ್ದರು. ಹಿಂದೆ ಬಂದ ಟ್ರ್ಯಾಕ್ಟರಿನವರು ಹಾರನ್ ಹೊಡೆದರೂ ಬದಿಗೆ ಸರಿಯುತ್ತಿರಲಿಲ್ಲ. ಸೀಮೆಸುಣ್ಣದ ಕೈಯನ್ನು ಅರ್ಧ ಲೋಟ ನೀರಿನಲ್ಲಿ ತೊಳೆಯುತ್ತಿದ್ದರು. ಅವರು ಹುಟ್ಟಿದ ಊರಿನಲ್ಲಿ ಕೊಡ ನೀರಿಗಾಗಿ ಅರ್ಧ ದಿನ ನಿಂತವರು. ನೀರೆಂದರೆ ಅಳೆದು ಬಳಸುವ ವಸ್ತು. ಅದು ಆಳುದ್ದ ತುಂಬಿ, ತನ್ನಷ್ಟಕ್ಕೆ ಹಗಲೂ ರಾತ್ರಿ ಓಡುತ್ತಲೇ ಇರುವುದನ್ನು ಅವರು ಮೊದಲ ಸಲ ನೋಡಿದ್ದು ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ.

ಅವರು ಏಕೆ ಹೀಗೆ ಎಂದು ಗೊತ್ತಾದದ್ದು ಮುಂದಿನ ಜೂನ್‌ನಲ್ಲಿ. ನಾವಿಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಒಬ್ಬ ರೈತ ಸೈಕಲ್ಲಿನಲ್ಲಿ ಹಾದುಹೋದ. ಇವರು ಎದ್ದು ನಿಂತು ಕೈ ಮುಗಿದರು. ಆತ ನೋಡಿದ, ತಲೆ ಆಡಿಸಿದ, ಹೋದ. ಯಾರೆಂದು ಕೇಳಿದೆ.

"ನನ್ನ ಸ್ಟೂಡೆಂಟಿನ ಅಪ್ಪ," ಎಂದರು. ಆಮೇಲೆ ತಾವೇ ಮುಂದುವರಿಸಿದರು. "ನಾನು ಇಲ್ಲಿಗೆ ಬಂದ ಮೊದಲನೇ ವರ್ಷ, ಮೇಡಂ. ಬೀಳ್ಕೊಡುಗೆ ದಿನ ಭಾಷಣ ಮಾಡಾಕೆ ಅಂದ್ರೆ ಆಗ ನನಗೂ ಭಾರಿ ಹುರುಪು. ಕೊನೇ ಪೇಪರ್ ಬರೆದು ಹೊರಗೆ ಬಂದ ಮ್ಯಾಲೆ ನೀವು ಯಾರ ಮಾತೂ ಕೇಳಬೇಕಿಲ್ಲ, ಅವತ್ತೊಂದು ದಿನ ನಿಮ್ಮ ಮನಸ್ಸಿಗೆ ಬಂದದ್ದು ಮಾಡ್ರಿ ಅಂದೆ. ಎಲ್ಲಾ ಚಪ್ಪಾಳೆ ಹೊಡೆದ್ರು. ಆ ಹುಡುಗನೂ ಹೊಡೆದ."

ಪರೀಕ್ಷೆ ಮುಗಿದ ಮಧ್ಯಾಹ್ನ ಆರು ಜನ ನಾಲೆಗೆ ಹೋಗಿದ್ದರಂತೆ. ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದ ಕಾಲ, ನಾಲೆ ಅಂಚಿನವರೆಗೆ ತುಂಬಿತ್ತು. ಐವರು ಹತ್ತಿ ಬಂದರು. ಆರನೆಯವನು, ಎಲ್ಲರಿಗಿಂತ ಚೆನ್ನಾಗಿ ಈಜುತ್ತಿದ್ದವನು, ಎರಡು ದಿನದ ನಂತರ ಕೆಳಗಿನ ತೂಬಿನ ಹತ್ತಿರ ಸಿಕ್ಕಿದ.

"ಅವನಿಗೆ ಫಸ್ಟ್ ಕ್ಲಾಸ್ ಬಂತು. ಅಂಕಪಟ್ಟಿ ಇಸ್ಕೊಳ್ಳಾಕೆ ಅಪ್ಪ ಬಂದಿದ್ದ. ಅವತ್ತು ಹೆಡ್‌ಮಾಸ್ಟರು ರಜೆ. ಕೊಟ್ಟಿದ್ದು ನಾನೇ. ಎಲ್ಲಿ ಸೈನ್ ಮಾಡಬೇಕು ಸಾರ್ ಅಂತ ಕೇಳಿದ. ಬೊಟ್ಟು ಇಟ್ಟು ತೋರಿಸಿದೆ."

ಆಮೇಲೆ ನಾನು ಅವರನ್ನು ನೋಡಿ ನಗಲಿಲ್ಲ. ನಗುವವರ ಜೊತೆ ಕೂರುವುದನ್ನು ಮಾತ್ರ ಬಿಡಲಿಲ್ಲ, ಅದನ್ನೂ ಹೇಳಿಬಿಡಬೇಕು.

ಆ ಹುಡುಗ ಹೋದ ವರ್ಷದಿಂದ ಅವರು ಮಾಡಿಕೊಂಡಿದ್ದ ಏರ್ಪಾಡು ಇದು. ಪರೀಕ್ಷಾ ಕೇಂದ್ರ ಮೂರು ಕಿಲೋಮೀಟರ್ ದೂರದ ದೊಡ್ಡ ಊರಿನಲ್ಲಿತ್ತು. ದಾರಿ ನಾಲೆಯ ಏರಿಯ ಮೇಲೇ ಬರುತ್ತದೆ. ಕೊನೆಯ ದಿನ ಅವರು ಕೇಂದ್ರದ ಗೇಟಿನಲ್ಲಿ ನಿಂತು ನಮ್ಮ ಶಾಲೆಯ ಒಬ್ಬೊಬ್ಬರನ್ನೂ ಟೆಂಪೋಗೆ ಹತ್ತಿಸಿ, ಊರಿನ ಅರಳಿಕಟ್ಟೆಯ ಹತ್ತಿರ ಇಳಿಸಿ, ಹಾಜರಿ ಕೂಗಿ, ಮನೆಗೆ ಕಳಿಸುತ್ತಿದ್ದರು. ಸಂಜೆ ಆರರವರೆಗೆ ಬೀದಿ ಬೀದಿ ಸುತ್ತಿ, "ಮನೆಯಾಗ ಅದಾನಾ? ಅದಾಳಾ?" ಎಂದು ಕೇಳುತ್ತಿದ್ದರು. ಊರವರು ಇದನ್ನು ಮೇಷ್ಟ್ರ ಹುಚ್ಚು ಎಂದು ಕರೆದು ಸುಮ್ಮನಾಗಿದ್ದರು.

ನನ್ನ ಮೂರನೇ ವರ್ಷ ಅವರಿಗೆ ಪರೀಕ್ಷೆಯ ಮೇಲ್ವಿಚಾರಣೆಗೆ ನ್ಯಾಮತಿ ಕಡೆ ಹಾಕಿದರು. ಸೂರಗೊಂಡನಕೊಪ್ಪದ ಹತ್ತಿರದ ಒಂದು ಕೇಂದ್ರ. ಬದಲಾಯಿಸಿಕೊಡಿ ಎಂದು ಎರಡು ಸಲ ಕಚೇರಿಗೆ ಹೋಗಿ ಕೇಳಿದರು. ಕಾರಣ ಕೇಳಿದಾಗ "ನಾಲೆ ಐತಲ್ಲ ಸಾರ್" ಎಂದರಂತೆ. ಕಚೇರಿಯವರು ಏನೆಂದುಕೊಂಡರೋ, ಆಗುವುದಿಲ್ಲ ಎಂದರು. ಕೊನೆಯ ಪತ್ರಿಕೆ ವಿಜ್ಞಾನ. ನನ್ನದೇ ವಿಷಯವಾದ್ದರಿಂದ ನನಗೆ ಅವತ್ತು ಡ್ಯೂಟಿ ಇರಲಿಲ್ಲ.

"ಮೇಡಂ, ನಲವತ್ತೊಂದು ಜನ," ಎಂದು ಹಾಜರಿಯ ಹಾಳೆಯನ್ನು ನನ್ನ ಕೈಗಿಟ್ಟರು. "ನಲವತ್ತು ಆದ್ರೆ ಸಾಲದು."

"ನಾನು ನೋಡ್ಕೋತೀನಿ ಸಾರ್, ನೀವು ಆರಾಮಾಗಿ ಹೋಗಿ ಬನ್ನಿ," ಎಂದೆ. ಅಷ್ಟು ಸುಲಭವಾಗಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ಪರೀಕ್ಷೆ ಬಿಟ್ಟಾಗ ಒಂದೂಮುಕ್ಕಾಲು. ಮಕ್ಕಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ನನ್ನನ್ನು ಮುತ್ತಿಕೊಂಡರು. ಒಂದು ಅಂಕದ ಪ್ರಶ್ನೆಗೆ ಉತ್ತರ ಅದಾ, ಇದಾ. ಪ್ರತಿಬಿಂಬದ ಚಿತ್ರ ತಲೆಕೆಳಗಾಗಬೇಕಿತ್ತಾ. ನನಗೂ ಖುಷಿ, ನಾನು ಹೇಳಿಕೊಟ್ಟದ್ದೇ ಬಂದಿತ್ತು. ಗೇಟಿನ ಬದಿಯ ಹೊಂಗೆ ಮರದ ಕೆಳಗೆ ಹದಿನೈದು ನಿಮಿಷ ಅಲ್ಲೇ ಪಾಠ ಮಾಡಿದೆ. ಹತ್ತಿಸುವಾಗ ಎಣಿಸಲಿಲ್ಲ. ಅರಳಿಕಟ್ಟೆಯಲ್ಲಿ ಇಳಿಸಿ ಹಾಜರಿ ಕೂಗಿದಾಗ ಮೂವತ್ತೆಂಟು.

ಮತ್ತೆ ಕೂಗಿದೆ. ಮೂವತ್ತೆಂಟೇ. ಹುಡುಗರೆಲ್ಲ ಇದ್ದರು. ಇಲ್ಲದವರು ಮೂವರು ಹುಡುಗಿಯರು, ಯಾವಾಗಲೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು.

ಹುಡುಗರಿಗಾಗಿ ಪಟ್ಟ ಭಯ ನಮಗೆಲ್ಲ ರೂಢಿಯಾಗಿತ್ತು. ಹೆಣ್ಣುಮಕ್ಕಳು ಇಲ್ಲ ಎಂದಾಗ ಏನು ಮಾಡಬೇಕೆಂದೇ ತೋಚಲಿಲ್ಲ. ಮೂರೂ ಮನೆಗಳಿಗೆ ಓಡಿದೆ. ಒಬ್ಬಳ ತಾಯಿ ಒಲೆಯ ಮುಂದಿನಿಂದ ಎದ್ದು ಬಂದು, "ನಿಮ್ಮ ಜೊತೆಗಲ್ಲೇನ್ರೀ ಬಂದಿದ್ದು?" ಎಂದು ಕೇಳಿದಳು. ಆಕೆ ನನ್ನ ಮುಖ ನೋಡಿದವಳೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ನಾಲೆಯ ಕಡೆಗೆ ಓಡಿದಳು. ಯಾರೂ ಆಕೆಗೆ ನಾಲೆ ಎಂದು ಹೇಳಿರಲಿಲ್ಲ.

ಎರಡೂವರೆಗೆ ಹಿಂದಿ ಮೇಷ್ಟ್ರಿಗೆ ಫೋನು ಮಾಡಿದೆ. ಉತ್ತರಪತ್ರಿಕೆಗಳನ್ನು ಒಪ್ಪಿಸಿ ಆಗಷ್ಟೇ ಹೊರಗೆ ಬಂದಿದ್ದರಂತೆ. "ಲೆಕ್ಕ ಆತಾ?" ಎಂದರು.

"ಮೂವತ್ತೆಂಟು," ಎಂದೆ.

"ಯಾರ್ಯಾರು?" ಎಂದರು. ಹೆಸರು ಹೇಳಿದೆ. "ಯೂನಿಫಾರ್ಮಿನಾಗ ಅದಾರಾ?" ಹೌದು ಎಂದೆ. ಫೋನು ಕಡಿಯಿತು.

ನಾನು ಏರಿಯ ಮೇಲೆ ನಡೆದೆ. ನನ್ನ ಜೊತೆ ನಾಲೆಯಿಂದ ಹೊಲಗಳಿಗೆ ನೀರು ಬಿಡುವ ನೀರುಗಂಟಿ, ಇಬ್ಬರು ತಂದೆಯರು. ಅವತ್ತಿನವರೆಗೆ ನಾನು ಆ ನೀರನ್ನು ನೋಡಿಯೇ ಇರಲಿಲ್ಲ ಅನ್ನಬೇಕು. ಮೇಲೆ ಏನೂ ಇಲ್ಲ, ನುಣುಪು. ಒಂದು ಎಲೆ ಬಿದ್ದರೆ ಮಾತ್ರ ಅದು ಎಷ್ಟು ಜೋರಾಗಿ ಓಡುತ್ತಿದೆ ಎಂದು ಗೊತ್ತಾಗುತ್ತಿತ್ತು. ಎರಡೂ ದಡಕ್ಕೆ ಇಳಿಜಾರು ಕಾಂಕ್ರೀಟು, ಅದರ ಮೇಲೆ ಹಸಿರು ಪಾಚಿ. ಬಟ್ಟೆ ಒಗೆಯುವ ಮೆಟ್ಟಿಲಿನ ಹತ್ತಿರ ಒಂದು ಪರೀಕ್ಷೆಯ ರಟ್ಟು ಬಿದ್ದಿತ್ತು. ಒಬ್ಬ ತಂದೆ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಹೆಸರಿಲ್ಲ. "ಇದು ನಮ್ಮುಡುಗಿದಾ ಮೇಡಂ?" ಎಂದು ನನ್ನನ್ನೇ ಕೇಳಿದ. ವರ್ಷವಿಡೀ ನನ್ನ ಮುಂದೆ ಕೂತ ಮಗುವಿನ ರಟ್ಟು ಯಾವ ಬಣ್ಣದ್ದು ಎಂದು ನನಗೆ ನೆನಪಾಗಲಿಲ್ಲ. ನೀರುಗಂಟಿ ಉದ್ದನೆಯ ಬಿದಿರಿನಿಂದ ಮೆಟ್ಟಿಲ ಬುಡ ತಡಕಿದ. ಆ ಬಿದಿರು ಪ್ರತಿ ಸಲ ಮೇಲೆ ಬರುವಾಗಲೂ ನಾನು ಕಣ್ಣು ಮುಚ್ಚುತ್ತಿದ್ದೆ.

ನಾಲ್ಕು ಗಂಟೆಗೆ ಕೆಳಗಿನಿಂದ ಯಾರೋ ಕೂಗಿದರು. ಎರಡು ಫರ್ಲಾಂಗ್ ಓಡಿದೆವು. ನಾಲೆ ಮೆಟ್ಟಿಲಿನಂತೆ ತಗ್ಗಾಗಿ ನೀರು ಧುಮುಕುವ ಜಾಗದ ಹತ್ತಿರ ಜನ ಸೇರಿದ್ದರು. ನೀರು ಸುರಿಯುತ್ತಿದ್ದ ಒಂದು ಮೈಯನ್ನು ಎಳೆದು ಹಾಕಿದ್ದರು. ಬರಿಗಾಲಲ್ಲಿ ಓಡಿ ಬಂದಿದ್ದ ಆ ತಾಯಿ ಅಲ್ಲೇ ಕೂತುಬಿಟ್ಟಿದ್ದಳು. ನಾನು ಜನರ ನಡುವೆ ನುಗ್ಗಿ ನೋಡಿದೆ.

ಹಿಂದಿ ಮೇಷ್ಟ್ರು.

ಆಗಿದ್ದು ಹೀಗೆ. ನ್ಯಾಮತಿಯಿಂದ ಬಂದವರು ಊರಿಗೆ ಬರದೆ ಕೆಳಗಿನಿಂದಲೇ ಏರಿ ಹತ್ತಿ, ನೀರನ್ನು ನೋಡಿಕೊಂಡು ಬೈಕಿನಲ್ಲಿ ಮೇಲಕ್ಕೆ ಬಂದಿದ್ದಾರೆ. ಆ ಜಾಗದಲ್ಲಿ ಜೊಂಡಿಗೆ ಸಿಕ್ಕಿಕೊಂಡ ತಿಳಿನೀಲಿ ಬಟ್ಟೆಯಂಥದ್ದು ಕಂಡಿದೆ. ನಮ್ಮ ಹುಡುಗಿಯರ ವೇಲಿನ ಬಣ್ಣ ಅದೇ. ಬೈಕನ್ನು ಕೆಡವಿ, ಇಳಿಜಾರಿನಲ್ಲಿ ಇಳಿದಿದ್ದಾರೆ; ಪಾಚಿ ಜಾರಿದೆ. ಟ್ರ್ಯಾಕ್ಟರಿನಲ್ಲಿ ಜಲ್ಲಿ ತುಂಬಿಕೊಂಡು ಹೋಗುತ್ತಿದ್ದ ಯುವಕನೊಬ್ಬ ಕಂಡವನೇ ಹಾರಿ ಎಳೆದು ತಂದಿದ್ದಾನೆ. ಆರೇಳು ವರ್ಷದ ಹಿಂದೆ ಇವರ ಹತ್ತಿರವೇ ಹಿಂದಿ ಕಲಿತವನು. ಅವರ ಬೆನ್ನು ತಿಕ್ಕುತ್ತಾ ಅಳುತ್ತಿದ್ದ. "ಹಾರಬ್ಯಾಡ್ರಿ ಅಂದೋರು ನೀವೇ ಅಲ್ಲೇನ್ರೀ ಸಾರ್! ನೀವೇ ಇಳಿಯೋದಾ?"

ಅವರ ಮುಷ್ಟಿಯಲ್ಲಿ ಇನ್ನೂ ಆ ನೀಲಿ ಇತ್ತು. ಟಾರ್ಪಾಲಿನ ಹರಕು.

ಅವರನ್ನು ಚನ್ನಗಿರಿಯ ಆಸ್ಪತ್ರೆಗೆ ಸೇರಿಸಿದೆವು. ನಾವು ಒಳಗೆ ಹೋದ ಅರ್ಧ ಗಂಟೆಗೆ, ಐದರ ಬಸ್ಸಿನಿಂದ ಆ ಮೂವರು ಹುಡುಗಿಯರು ಊರಿನಲ್ಲಿ ಇಳಿದ ಸುದ್ದಿ ಬಂತು. ಅವರು ನಾನು ಪಾಠ ಮಾಡುತ್ತಿದ್ದಾಗ ಹಿಂದಿನ ಗೇಟಿನಿಂದ ಬಸ್ಸು ಹತ್ತಿ ಪೇಟೆಗೆ ಹೋಗಿದ್ದರು. ಒಬ್ಬಳನ್ನು ಉಬ್ರಾಣಿಯ ಅಜ್ಜಿಯ ಮನೆಗೆ ಕಳಿಸುವವರಿದ್ದರು. ಮೂವರೂ ಸೇರಿ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿಕೊಂಡು, ಗೋಬಿ ತಿಂದು ಬಂದಿದ್ದರು. ಮೂವರ ಮನೆಯಲ್ಲೂ ಅವರ ಕೈಗೆ ಫೋನು ಕೊಡುತ್ತಿರಲಿಲ್ಲ. ಅಷ್ಟೇ ವಿಷಯ.

ಮರುದಿನ ತಂದೆಯರು ಹುಡುಗಿಯರನ್ನು ಆಸ್ಪತ್ರೆಗೆ ಕರೆತಂದರು. ಒಬ್ಬಳ ಕೆನ್ನೆಯ ಮೇಲೆ ಬೆರಳ ಗುರುತಿತ್ತು. "ತಪ್ಪಾತು ಸಾರ್," ಎಂದು ಅಳಲು ಶುರುಮಾಡಿದರು. ಹಿಂದಿ ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದರು. ಬಯ್ಯಲಿಲ್ಲ. ತಂದೆಯರ ಕಡೆ ತಿರುಗಿ, "ಫೋಟೋ ತೆಗೆಸ್ಕೊಂಡದ್ದಕ್ಕೆ ಹೊಡೀತಾರೇನ್ರೀ?" ಎಂದು ಮಾತ್ರ ಕೇಳಿದರು.

ಎಲ್ಲರೂ ಹೋದ ಮೇಲೆ ನಾನು ಅವರ ಮಂಚದ ಪಕ್ಕ ಕೂತೆ. ತಪ್ಪು ನನ್ನದು ಸಾರ್, ಹತ್ತಿಸುವಾಗ ಎಣಿಸಲಿಲ್ಲ ಎಂದೆ. ಅವರು ಸೂರು ನೋಡುತ್ತಾ ಹೇಳಿದರು:

"ಅದು ಟಾರ್ಪಾಲು ಅಂತ ನನಗೆ ಗೊತ್ತಾಗಿತ್ತು, ಮೇಡಂ. ಇಳಿಯಾಕೆ ಮುಂಚೇನೇ ಗೊತ್ತಾತು."

"ಮತ್ತೆ ಯಾಕೆ ಇಳಿದ್ರಿ?"

"ಹತ್ತರಾಗ ಒಂಬತ್ತು ಪಾಲು ಗೊತ್ತಿತ್ತು. ಒಂದು ಪಾಲು ಇರಲಿಲ್ಲ."

ಆ ಮಾತು ಹೇಳುವಾಗಲೂ ಅವರು ಹೆದರಿದ್ದರು. ನಾನೂ ಹೆದರಿದೆ. ಹೆದರಿಕೆ ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತದೆ ಎಂದು ತಿಳಿದಿದ್ದೆ. ಅದು ಅವರನ್ನು ನೀರಿನೊಳಕ್ಕೇ ತಳ್ಳಿತ್ತು.

ಆ ವರ್ಷವೇ ಅವರು ವರ್ಗಾವಣೆ ಕೇಳಿಕೊಂಡು ಜಗಳೂರು ತಾಲ್ಲೂಕಿಗೆ, ತಮ್ಮ ಸೀಮೆಗೆ ಹೋದರು. ಅಲ್ಲಿ ನಾಲೆ ಇಲ್ಲ, ಹೊಳೆ ಇಲ್ಲ. ಕೆರೆಗಳಲ್ಲಿ ಜಾಲಿ ಬೆಳೆದಿತ್ತು. "ಈಗ ನಿದ್ದೆ ಬರ್ತೈತೆ ಮೇಡಂ," ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ಅವರ ಹಾಜರಿಯ ಹಾಳೆಯ ಕೆಲಸ ನನ್ನ ಪಾಲಿಗೆ ಬಂತು. ಆಮೇಲಿನ ಯಾವ ವರ್ಷವೂ ಕೊನೆಯ ಪತ್ರಿಕೆಯ ಹಿಂದಿನ ರಾತ್ರಿ ನಾನು ಸರಿಯಾಗಿ ಮಲಗಿಲ್ಲ.

ಈ ವರ್ಷ ಅವರ ನಿವೃತ್ತಿ. ಕಾರ್ಯಕ್ರಮಕ್ಕೆ ಜಗಳೂರಿನಿಂದ ಇನ್ನೂ ಒಳಗಿನ ಆ ಊರಿಗೆ ಹೋದೆ. ಊರು ಬದಲಾಗಿತ್ತು. ದೂರದ ಹೊಳೆಯಿಂದ ಪೈಪಿನಲ್ಲಿ ನೀರು ತಂದು ಆ ಕಡೆಯ ಕೆರೆಗಳನ್ನು ತುಂಬಿಸಿದ್ದರು. ಶಾಲೆಯ ಎದುರಿನ ಕೆರೆ, ಜಾಲಿ ಮರಗಳ ತುದಿ ಮಾತ್ರ ಕಾಣುವಷ್ಟು ತುಂಬಿ ಹೊಳೆಯುತ್ತಿತ್ತು. ಊರವರ ಮುಖದಲ್ಲಿ ಹಬ್ಬ. ವೇದಿಕೆಯಲ್ಲಿ ಮಾತಾಡಿದವರೆಲ್ಲ, ಮೇಷ್ಟ್ರು ಪುಣ್ಯವಂತರು, ನೀರು ಬಂದ ಕಾಲಕ್ಕೆ ನಿವೃತ್ತಿಯಾಗುತ್ತಿದ್ದಾರೆ ಎಂದರು. ಅವರು ಹಾರದ ಭಾರಕ್ಕೆ ತಲೆ ತಗ್ಗಿಸಿ ಕೂತಿದ್ದರು. ನಾನೊಬ್ಬಳೇ ಅವರ ಮೊಣಕಾಲನ್ನು ನೋಡಿದೆ.

ಅವರು ಮಾತಾಡಿದ್ದು ಎರಡು ನಿಮಿಷ. "ಮಕ್ಕಳ್ರಾ, ನಿಮ್ಮ ಅಪ್ಪ ನೀರು ನೋಡಿಲ್ಲ, ನಿಮ್ಮ ಅಜ್ಜನೂ ನೋಡಿಲ್ಲ. ಅದು ಹೆಂಗೆ ಎಳೀತೈತೆ ಅಂತ ಹೇಳಾಕೆ ನಿಮ್ಮ ಮನೆಯಾಗ ಯಾರೂ ಇಲ್ಲ. ನಾನು ಇನ್ಮ್ಯಾಲೆ ಶಾಲಿಗೆ ಬರಂಗಿಲ್ಲ. ಕೆರೆ ದಂಡಿ ಮ್ಯಾಲೆ ಇರ್ತೀನಿ, ದಿನಾ ಸಂಜೆ. ನನ್ನ ಬಿಟ್ಟು ಯಾರೂ ಇಳಿಯಂಗಿಲ್ಲ."

ಯಾರೋ ನಕ್ಕರು. ಮುದುಕರು ತಮಾಷೆ ಮಾಡಿದರು ಎಂದುಕೊಂಡಿರಬೇಕು.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಮನೆಯಲ್ಲಿ ಕಾಣಲಿಲ್ಲ. ಪಕ್ಕದವರು ಕೆರೆಯ ಕಡೆ ಕೈ ತೋರಿಸಿದರು. ಏರಿಯನ್ನು ಅರ್ಧ ಓಡಿಕೊಂಡೇ ಹತ್ತಿದೆ.

ಅವರು ನೀರಿನಲ್ಲಿದ್ದರು. ಎದೆಮಟ್ಟ. ಕಂಕುಳಲ್ಲಿ ಲಾರಿಯ ಟ್ಯೂಬು, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಏರಿಯ ಬೇವಿನ ಮರಕ್ಕೆ ಎರಡು ಸುತ್ತು ಬಂದು ಅವರ ಹೆಂಡತಿಯ ಕೈಯಲ್ಲಿತ್ತು. ಆಕೆ ಸಭೆಗೆ ಉಟ್ಟಿದ್ದ ರೇಷ್ಮೆ ಸೀರೆಯನ್ನೂ ಬಿಚ್ಚದೆ, ಮಣ್ಣಿನ ಮೇಲೆ ಕಾಲು ಚಾಚಿ, ಹಿಮ್ಮಡಿಯನ್ನು ಕಲ್ಲಿಗೆ ಒತ್ತಿಕೊಂಡು ಕೂತಿದ್ದರು.

"ಹದಿನೈದು ದಿನ ಆತು ನೋಡ್ರಿ," ಎಂದರು ನನ್ನ ಕಡೆ ತಿರುಗದೆ. "ಈಜು ಕಲಿತು ಊರ ಮಕ್ಕಳಿಗೆಲ್ಲಾ ಕಲಿಸ್ತಾರಂತೆ. ಅರವತ್ತು ತುಂಬೈತೆ. ದಿನಾ ಇಳಿಯಾಕೆ ಮುಂಚೆ ಗಡಗಡ ನಡುಗ್ತಾರೆ. ಬ್ಯಾಡ ಬಿಡ್ರಿ ಅಂದ್ರೆ ಕೇಳಂಗಿಲ್ಲ."

"ನಿಮಗೆ ಈಜು ಬರ್ತದಾ?" ಎಂದು ಕೇಳಿದೆ.

"ನನಗೆಲ್ಲಿ ಬರ್ತೈತೆ? ಹಗ್ಗ ಹಿಡಿಯಾಕೆ ಬರ್ತೈತೆ."

ಕೆರೆಯ ನಡುವಿನಿಂದ ಗಾಳಿ ಬೀಸಿ ಸಣ್ಣ ಅಲೆ ಬಂತು. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮೂಗು ಹಿಡಿದುಕೊಂಡು, ಎರಡೂ ಕಾಲನ್ನು ನೆಲದಿಂದ ಬಿಟ್ಟರು. ತಲೆ ಮುಳುಗಿತು. ಹಗ್ಗ ಬಿಗಿಯಿತು. ಆಕೆ ಎಣಿಸತೊಡಗಿದರು, ಒಂದು, ಎರಡು, ಮೂರು. ನಾನು ಕೈಚೀಲವನ್ನು ಕೆಳಗೆ ಎಸೆದು, ಆಕೆಯ ಹಿಂದೆ ಕೂತು, ಆ ಹಗ್ಗವನ್ನು ಹಿಡಿದುಕೊಂಡೆ.